ಎರಡು ಕಟ್ಟು, ಏಳು ಬೀಡಿ

ಸೃಷ್ಟಿಯಲ್ಲಿರುವ ವಸ್ತುಗಳನ್ನೆಲ್ಲ ಎರಡೇ ಜಾತಿಯಾಗಿ ವಿಂಗಡಿಸಬಹುದು: ಕಾಯಿಸಿದರೆ ಕರಗುವಂಥವು, ಕಾಯಿಸಿದರೆ ಗಟ್ಟಿಯಾಗುವಂಥವು. ಮೇಣ ಮೊದಲನೆಯ ಜಾತಿ, ತತ್ತಿ ಎರಡನೆಯದು. ಮನುಷ್ಯರ ವಿಷಯದಲ್ಲೂ ಈ ಮಾತು ಸತ್ಯ. ಕಷ್ಟದ ಉರಿಯಲ್ಲಿ ಕೆಲವರು ಕರಗಿ ಹರಿದುಹೋಗುತ್ತಾರೆ, ಕೆಲವರು ಒಮ್ಮೆ ಗಟ್ಟಿಯಾದರೆ ಮತ್ತೆಂದೂ ಮೆತ್ತಗಾಗುವುದಿಲ್ಲ. ಈ ಮಹಾವಾಕ್ಯವನ್ನು ನಾನು ಒಂದು ಮಧ್ಯಾಹ್ನ ಚಹಾದ ಹೊತ್ತಿನಲ್ಲಿ, ಕೈಯಲ್ಲಿ ಚಹಾ ಸುರಿದ ಬಸಿ ಹಿಡಿದುಕೊಂಡು, ನಮ್ಮ ಫೈಬರ್ ಶೆಡ್ಡಿನ ಹೆಣ್ಣುಮಕ್ಕಳಿಗೆ ಉಪದೇಶಿಸಿದೆ. ಮಾವಶಿ ಬಸಿಯಿಂದ ತುಟಿ ತೆಗೆದು, "ಮೂರನೇ ಜಾತಿ ಒಂದ ಐತ್ರಿ ಸಾಹೇಬ್ರ," ಅಂದರು. "ಎಷ್ಟ ಕಾಸಿದ್ರೂ ಕರಗೂದಿಲ್ಲ, ಗಟ್ಟೀನೂ ಆಗೂದಿಲ್ಲ. ಬರೇ ಹೊಗಿ ಬಿಡತೈತಿ."

ಅವರು ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ, ಉಳಿದವರೆಲ್ಲ ನೋಡುತ್ತಿದ್ದರು.

ಮಾವಶಿ ತೀರಿಹೋದ ಸುದ್ದಿ ಹೋದ ತಿಂಗಳು ಬಂತು. ತೆಲಸಂಗದಲ್ಲಿ ತಮ್ಮನ ಮಗಳ ಮನೆಯಲ್ಲಿದ್ದರು. ಬೆಳಿಗ್ಗೆ ಚಹಾ ಕುಡಿದು, ಬಸಿ ತೊಳೆದಿಟ್ಟು, ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲವಂತೆ. ಫೋನು ಮಾಡಿದ ಹುಡುಗಿ ಬಸಿ ತೊಳೆದಿಟ್ಟ ಸಂಗತಿಯನ್ನು ಎರಡು ಸಲ ಹೇಳಿದಳು. ಹೇಳದಿದ್ದರೂ ನಾನು ಊಹಿಸುತ್ತಿದ್ದೆ. ಬಳಸಿದ ಪಾತ್ರೆಯನ್ನು ಹಾಗೆಯೇ ಬಿಟ್ಟು ಮಾವಶಿ ಎದ್ದು ಹೋದದ್ದನ್ನು ನಾನು ಕಂಡಿಲ್ಲ. ನಮ್ಮ ಕಸುಬಿನಲ್ಲಿ ಪಾತ್ರೆ ಹಾಗೆಯೇ ಬಿಟ್ಟರೆ ಒಳಗಿನ ಅಂಟು ಕಲ್ಲಾಗಿ ಮರುದಿನ ಅದು ಪಾತ್ರೆಯಾಗಿ ಉಳಿಯುತ್ತಲೂ ಇರಲಿಲ್ಲ.

ಮಾವಶಿ ಎಂದರೆ ಮರಾಠಿಯಲ್ಲಿ ತಾಯಿಯ ಅಕ್ಕ ಅಥವಾ ತಂಗಿ. ನಿಪ್ಪಾಣಿಯಲ್ಲಿ ನಲವತ್ತು ದಾಟಿದ, ಯಾರಿಗೂ ಹೆದರದ ಪ್ರತಿಯೊಬ್ಬ ಹೆಂಗಸೂ ಮಾವಶಿಯೇ. ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು. ಅದನ್ನು ಕೂಗಿದರೆ, ಬೇರೆ ಯಾರನ್ನೋ ಕರೆದಂತೆ ಒಂದು ಗಳಿಗೆ ತಡೆದು ಓಗೊಡುತ್ತಿದ್ದರು. ಆದ್ದರಿಂದ ಇಲ್ಲಿಯೂ ಅದನ್ನು ಬಿಟ್ಟಿದ್ದೇನೆ.

ನಮ್ಮ ಶೆಡ್ಡು ನಿಪ್ಪಾಣಿಯ ಅಂಚಿನಲ್ಲಿ, ತಂಬಾಕಿನ ಗೋದಾಮುಗಳ ಸಾಲು ಮುಗಿಯುವಲ್ಲಿ ಇತ್ತು. ಮಾಲಕರು ಅಥಣಿ ಕಡೆಯವರು. ಕಬ್ಬು, ದ್ರಾಕ್ಷಿ ಬೆಳೆಯುವ ಮನೆತನ. ದ್ರಾಕ್ಷಿಗೆ ಅಕಾಲದ ಮಳೆಯ ಭಯ, ಫೈಬರಿಗೆ ಆ ಭಯವಿಲ್ಲ ಎಂಬ ಒಂದೇ ತರ್ಕದ ಮೇಲೆ ಈ ಉದ್ಯೋಗಕ್ಕೆ ಕೈ ಹಾಕಿದ್ದರು. ಗಾಜನ್ನು ನೂಲಿನಂತೆ ಎಳೆದು ನೇಯ್ದ ಬಟ್ಟೆ ಬರುತ್ತದೆ. ಅದಕ್ಕೆ ರೆಸಿನ್ ಎಂಬ ಅಂಟು ಬಳಿದು, ಪದರದ ಮೇಲೆ ಪದರ ಕೂಡಿಸಿ, ಅಚ್ಚಿನಲ್ಲಿ ಬಿಗಿದು, ಭಟ್ಟಿಯಲ್ಲಿ ಬೇಯಿಸಿದರೆ ತಗಡಿಗಿಂತ ಹಗುರ, ತುಕ್ಕಿಗೆ ಅಂಜದ ಹೊದಿಕೆ ಸಿದ್ಧ. ಸಕ್ಕರೆ ಕಾರ್ಖಾನೆಗಳ ಬಾಯ್ಲರಿನಿಂದ ಬಿಸಿಗಾಳಿ ಒಯ್ಯುವ ದೊಡ್ಡ ಕೊಳವೆಗಳಿಗೆ ನಾವು ಇಂಥ ಹೊದಿಕೆ ಮಾಡುತ್ತಿದ್ದೆವು. ಚಿಕ್ಕೋಡಿ, ರಾಯಬಾಗ, ಕಾಗವಾಡ ಎಲ್ಲಿ ನೋಡಿದರೂ ಕಾರ್ಖಾನೆಯ ಚಿಮಣಿ ಕಾಣುವ ಸೀಮೆ ಇದು, ಗಿರಾಕಿಗಳಿಗೆ ಕೊರತೆಯಿರಲಿಲ್ಲ.

ನಾನು ರಸಾಯನಶಾಸ್ತ್ರದ ಪದವೀಧರ. ಅಕ್ಕೋಳದಿಂದ ದಿನಾ ಸ್ಕೂಟರಿನ ಮೇಲೆ ಹೋಗುತ್ತಿದ್ದೆ. ಶೆಡ್ಡಿನಲ್ಲಿ ನನ್ನ ಹುದ್ದೆ ಕ್ವಾಲಿಟಿ ಇನ್‌ಚಾರ್ಜ್. ನನ್ನ ಇಲಾಖೆಯೆಂದರೆ ಒಂದು ಮೇಜು, ಒಂದು ತಕ್ಕಡಿ, ಒಂದು ಥರ್ಮಾಮೀಟರು ಮತ್ತು ನಾನು. ಓದಿದ ಕೆಮಿಸ್ಟ್ ಇಲ್ಲದ ಜಾಗಕ್ಕೆ ಕಾರ್ಖಾನೆಗಳು ಆರ್ಡರು ಕೊಡುವುದಿಲ್ಲವಾದ್ದರಿಂದ, ನನ್ನ ಪದವಿಯ ಪ್ರಮಾಣಪತ್ರವನ್ನು ಮಾಲಕರು ಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ದೇವರ ಪಟದ ಪಕ್ಕ ತೂಗುಹಾಕಿದ್ದರು. ದೇವರಿಗೆ ಊದಿನಕಡ್ಡಿ ಬೆಳಗುವಾಗ ಅದಕ್ಕೂ ಒಂದು ಸುತ್ತು ಹೊಗೆ ಸಿಗುತ್ತಿತ್ತು.

ಮಾವಶಿ ಬಂದದ್ದು ಕಸ ಹೊಡೆಯಲು. ಅದಕ್ಕೂ ಮುಂಚೆ ಹದಿನೆಂಟು ವರ್ಷ ಬೀಡಿ ಸುತ್ತಿದ್ದರು. ಬಂದ ಮೊದಲ ಬೇಸಿಗೆಯಲ್ಲಿ ಒಂದು ದಿನ ನಾನು ಚಾರ್ಟು ನೋಡಿಕೊಂಡು ಒಂದು ಬಕೀಟು ತುಂಬ ರೆಸಿನ್ ಕಲಸಿದೆ. ಚಾರ್ಟು ಚಳಿಗಾಲದ್ದಾಗಿತ್ತು. ಕಲಸಿದ ರೆಸಿನ್ ತನ್ನಷ್ಟಕ್ಕೆ ತಾನೇ ಕಾಯುತ್ತದೆ. ಪಾತ್ರೆ ಆಳವಾಗಿದ್ದಷ್ಟೂ ಕಾವು ಒಳಗೇ ಸಿಕ್ಕಿಬಿದ್ದು ಏರುತ್ತ ಹೋಗುತ್ತದೆ. ಇದು ಪುಸ್ತಕದಲ್ಲಿದೆ, ನಾನು ಓದಿಯೂ ಇದ್ದೆ. ಬಕೀಟು ಹೊಗೆಯಾಡತೊಡಗಿದಾಗ ನಾನು ಚಾರ್ಟಿನಲ್ಲಿ ಹೊಗೆಯ ಕಾಲಂ ಹುಡುಕುತ್ತಿದ್ದೆ. ಮಾವಶಿ ಕಸಬರಿಗೆ ಕೆಳಗಿಟ್ಟು ಬಂದರು, ಬಕೀಟಿನ ಕಿವಿಗೆ ಗೋಣಿತಟ್ಟು ಸುತ್ತಿ ಎತ್ತಿದರು, ಪಕ್ಕದಲ್ಲಿದ್ದ ಅಗಲವಾದ ತಗಡಿನ ಪರಾತಕ್ಕೆ ಸುರಿದೇಬಿಟ್ಟರು. ಹೊಗೆ ನಿಂತಿತು.

"ಹರವಬೇಕ್ರಿ ಸಾಹೇಬ್ರ," ಅಂದರು. "ಆಳದಾಗ ಇಟ್ಟರ ಸಿಟ್ಟ ಏರತೈತಿ. ಅಗಲ ಹರವಿದ್ರ ತಣ್ಣಗ ಕೂಡತೈತಿ."

"ನಿಮಗ ಹೆಂಗ ಗೊತ್ತಾತು?"

"ಬೆಲ್ಲಾನೂ ಹಂಗ ಅಲ್ರೀ ಮತ್ತ?"

ಅವರ ಅಪ್ಪ ರಾಯಬಾಗ ಕಡೆಯ ಗುಳವ. ಗಾಣದ ಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ, ಪಾಕ ನೋಡಿ, ಬೆಲ್ಲ ಇಳಿಸುವ ಗಳಿಗೆಯನ್ನು ನಿಶ್ಚಯಿಸುವವನಿಗೆ ಗುಳವ ಎನ್ನುತ್ತಾರೆ. ಆ ಗಳಿಗೆ ತಪ್ಪಿದರೆ ಇಡೀ ಕೊಪ್ಪರಿಗೆ ಹಾಳು, ಆದ್ದರಿಂದ ಊರಿನ ದೊಡ್ಡ ದೊಡ್ಡ ಜಮೀನುದಾರರೂ ಗುಳವನ ಮುಂದೆ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. ಅಪ್ಪನಿಗೆ ಚಹಾ ಒಯ್ಯುವ ನೆಪದಲ್ಲಿ ಮಾವಶಿ ಎಲ್ಲವನ್ನೂ ನೋಡಿದ್ದರು. ಹೆಣ್ಣುಮಗಳಾದ್ದರಿಂದ ಕೊಪ್ಪರಿಗೆಯ ಹತ್ತಿರ ಮಾತ್ರ ಬಿಟ್ಟುಕೊಂಡಿರಲಿಲ್ಲ. ಹತ್ತು ಮಾರು ದೂರದಿಂದ ಕಲಿತ ವಿದ್ಯೆ ಅದು.

ಬಕೀಟಿನ ಪ್ರಸಂಗವನ್ನು ನಾನು ನೋಂದಣಿ ಪುಸ್ತಕದಲ್ಲಿ "ಸಿಬ್ಬಂದಿಯ ಸಕಾಲಿಕ ಕ್ರಮದಿಂದ ನಷ್ಟ ತಪ್ಪಿತು" ಎಂದು ಬರೆದೆ. ಸಿಬ್ಬಂದಿ ಯಾರೆಂದು ಬರೆಯಲಿಲ್ಲ. ಆಗ ನನಗೆ ಅಷ್ಟು ದೊಡ್ಡ ಮನಸ್ಸಿರಲಿಲ್ಲ. ಮಾಲಕರು ಪುಸ್ತಕ ಓದುವವರಲ್ಲ, ಪರಾತ ನೋಡಿದವರು. ವರ್ಷ ತುಂಬುವುದರೊಳಗೆ ರೆಸಿನ್ ಕೂಡಿಸುವ ಖೋಲಿ ಮಾವಶಿಯದಾಯಿತು.

ಆ ಖೋಲಿ ಹತ್ತಡಿ ಉದ್ದ, ಹತ್ತಡಿ ಅಗಲ. ಒಂದು ಕಿಟಕಿ, ಎರಡು ಪೀಪಾಯಿ. ಒಂದರಲ್ಲಿ ಫಿನಾಲಿಕ್ ರೆಸಿನ್. ಕೆಂಪಗೆ, ಕಾಕಂಬಿಯಂತೆ ಇರುತ್ತದೆ. ಎಷ್ಟು ಕಾವಾದರೂ ತಾಳುತ್ತದೆ, ಆದರೆ ಪೆಟ್ಟು ಬಿದ್ದರೆ ಹಪ್ಪಳದಂತೆ ಮುರಿಯುತ್ತದೆ. ಇನ್ನೊಂದರಲ್ಲಿ ಎಪಾಕ್ಸಿ, ಜೇನಿನಂತೆ. ಹಿಡಿದರೆ ಬಿಡುವುದಿಲ್ಲ, ಪೆಟ್ಟನ್ನೂ ನುಂಗಿಕೊಳ್ಳುತ್ತದೆ, ಆದರೆ ಕಾವು ಹೆಚ್ಚಾದರೆ ಧೈರ್ಯಗೆಡುತ್ತದೆ. ಎರಡನ್ನೂ ಹದವಾಗಿ ಬೆರೆಸಿದರೆ ಕಾವನ್ನೂ ಪೆಟ್ಟನ್ನೂ ತಾಳುವ ಮಿಶ್ರಣ ಸಿಗುತ್ತದೆ. ಬೆರೆಸುವುದೇ ಕಷ್ಟ, ಏಕೆಂದರೆ ಅವೆರಡಕ್ಕೂ ಸ್ವಭಾವತಃ ಒಗ್ಗುವುದಿಲ್ಲ. ಮಾವಶಿ ಕೋಲು ಆಡಿಸುತ್ತ ಕೆಂಪಿನ ಜೊತೆ ಮರಾಠಿಯಲ್ಲಿ, ಜೇನಿನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಒಂದಕ್ಕೆ ಬೈಗುಳ, ಇನ್ನೊಂದಕ್ಕೆ ಸಮಾಧಾನ. ಅರ್ಧ ತಾಸಿನಲ್ಲಿ ಎರಡೂ ಒಂದಾಗುತ್ತಿದ್ದವು. ನಮ್ಮ ಗಡಿಸೀಮೆಯಲ್ಲಿ ಭಾಷೆಯ ವಿವಾದ ದಿನನಿತ್ಯ ಇತ್ಯರ್ಥವಾಗುತ್ತಿದ್ದ ಸ್ಥಳ ನನಗೆ ತಿಳಿದಂತೆ ಅದೊಂದೇ.

ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ತಲೆಗೆ ಟವೆಲು ಬಿಗಿದು, ಬೋರಲು ಹಾಕಿದ ಡಬ್ಬಿಯ ಮೇಲೆ ಕೂರುತ್ತಿದ್ದರು. ಗಂಡ ಎಲ್ಲಿ ಎಂದು ಯಾರೋ ಹೊಸಬರು ಕೇಳಿದಾಗ, "ಅಂಗಿ ಅಷ್ಟ ಉಳದೈತಿ," ಅಂದಿದ್ದರು. ಆಮೇಲೆ ಯಾರೂ ಕೇಳಲಿಲ್ಲ.

ಅವರ ಪರೀಕ್ಷೆಯ ಕ್ರಮವನ್ನು ಹೇಳದಿದ್ದರೆ ಅವರನ್ನು ಹೇಳಿದಂತಾಗುವುದಿಲ್ಲ. ರೊಟ್ಟಿ ಬೇಯಿಸುವ ಹಳೆಯದೊಂದು ಕಬ್ಬಿಣದ ತವಾ ಕಾಯಿಸಿ, ಮಿಶ್ರಣದ ಒಂದು ಹನಿ ಅದರ ಮೇಲೆ ಬಿಡುತ್ತಿದ್ದರು. ಬಲಗೈಯಲ್ಲಿ ಕಸಬರಿಗೆಯ ಕಡ್ಡಿ ಹಿಡಿದು ಆ ಹನಿಯನ್ನು ಸವರಿ ಮೇಲೆತ್ತುವುದು, ಸವರಿ ಮೇಲೆತ್ತುವುದು. ಮೊದಮೊದಲು ಎಳೆ ಉದ್ದಕ್ಕೆ ಬರುತ್ತದೆ. ಬರಬರುತ್ತ ಗಿಡ್ಡವಾಗುತ್ತದೆ. ಕೊನೆಗೊಮ್ಮೆ ಪಟ್ಟನೆ ಕಡಿಯುತ್ತದೆ. ಎಳೆ ಕಡಿಯುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದರ ಮೇಲೆ ಮಿಶ್ರಣದ ಹದ ತಿಳಿಯಬೇಕು. ಆ ಹೊತ್ತನ್ನು ಅಳೆಯಲು ನನ್ನ ಬಳಿ ಗಡಿಯಾರವಿತ್ತು. ಮಾವಶಿಯ ಬಳಿ ಎಡಗೈ ಇತ್ತು. ಬಲಗೈ ಕಡ್ಡಿ ಆಡಿಸುತ್ತಿದ್ದಾಗ ಎಡಗೈಯ ಹೆಬ್ಬೆರಳು ಮತ್ತು ಎರಡು ಬೆರಳು ಇಲ್ಲದ ಬೀಡಿಯನ್ನು ಸುತ್ತುತ್ತಿದ್ದವು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಎಳೆ ಕಡಿದ ಕೂಡಲೇ ಬೆರಳು ನಿಲ್ಲುತ್ತಿತ್ತು.

"ಎರಡ ಕಟ್ಟ, ಏಳ ಬೀಡಿ. ಬರಕೋರಿ."

ಎರಡು ಕಟ್ಟು, ಏಳು ಬೀಡಿ ಬಂದರೆ ಹದ ಸರಿ. ಎರಡು ಕಟ್ಟಿಗೆ ಕಡಿಮೆ ಬಂದರೆ ಅವಸರದ ಮಿಶ್ರಣ, ಬಳಿಯುವುದರೊಳಗೆ ಗಟ್ಟಿಯಾದೀತು. ಮೂರರ ಹತ್ತಿರ ಹೋದರೆ ಸೋಮಾರಿ. ನಾನು ವಿಜ್ಞಾನದ ಮಾನ ಕಾಯಲು ಒಂದು ವಾರ ಗಡಿಯಾರ ಹಿಡಿದು ಪಕ್ಕದಲ್ಲಿ ಕೂತೆ. ಅವರ ಒಂದು ಬೀಡಿಗೆ ಸರಿಯಾಗಿ ಎರಡು ಸೆಕೆಂಡು. ಸೋಮವಾರವೂ ಅಷ್ಟೇ, ಶನಿವಾರವೂ ಅಷ್ಟೇ. ಎಂಟನೆಯ ದಿನ ಗಡಿಯಾರವನ್ನು ಡ್ರಾವರಿನಲ್ಲಿಟ್ಟೆ. ಮುಂದೆ ಕಾರ್ಖಾನೆಯ ಇನ್‌ಸ್ಪೆಕ್ಟರರು ನನ್ನ ನೋಂದಣಿ ಪುಸ್ತಕ ನೋಡಿ, "ಕಟ್ಟು, ಬೀಡಿ ಅಂದ್ರ ಇದ್ಯಾವ ಮಾನರೀ?" ಎಂದು ಕೇಳಿದಾಗ, "ಸ್ಥಳೀಯ ಮಾನ," ಎಂದು ಗಂಭೀರವಾಗಿ ಉತ್ತರಿಸಿದೆ. ಅವರು ತಲೆಯಾಡಿಸಿ ಸಹಿ ಹಾಕಿದರು. ನಮ್ಮಲ್ಲಿ ಗಂಭೀರವಾಗಿ ಹೇಳಿದ ಮಾತಿಗೆ ಬಹಳ ಬೆಲೆ.

ಭಟ್ಟಿಗೂ ಅವರದೇ ಲೆಕ್ಕ. ಮೊದಲು ಹಾಲಿನ ಕಾವು, ಆಮೇಲೆ ಬೆಲ್ಲದ ಕಾವು, ಕಟ್ಟಕಡೆಗೆ ರೊಟ್ಟಿಯ ಕಾವು. ಕೆಂಪು ರೆಸಿನ್ ಗಟ್ಟಿಯಾಗುವಾಗ ಒಳಗಿನಿಂದ ನೀರು ಬಿಡುತ್ತದೆ. ಅದು ಮೆಲ್ಲಗೆ ಆರಿಹೋಗಲು ಬಿಡದೆ ಒಮ್ಮೆಲೇ ಉರಿ ಏರಿಸಿದರೆ ಆ ನೀರು ಆವಿಯಾಗಿ ಪದರಗಳನ್ನು ಎಬ್ಬಿಸುತ್ತದೆ. ಮಾಲಕರಿಗೆ ಯಾವಾಗಲೂ ಅವಸರ. "ಉರಿ ಏರಸ್ರಿ ಮಾವಶಿ, ಗಾಡಿ ಬಂದ ನಿಂತೈತಿ," ಎನ್ನುತ್ತಿದ್ದರು. ಮಾವಶಿ, "ಬೆವರ ಆರ್ಲಿ ತಡೀರಿ. ಬೆವತವರನ್ನ ಓಡಿಸಬಾರ್ದು," ಎಂದು ಭಟ್ಟಿಯ ಗುಂಡಿಯ ಮುಂದೆ ಬೆನ್ನು ತಿರುವಿ ನಿಲ್ಲುತ್ತಿದ್ದರು. ಆ ಬೆನ್ನನ್ನು ದಾಟಿ ಗುಂಡಿ ಒತ್ತುವ ಧೈರ್ಯ ಶೆಡ್ಡಿನಲ್ಲಿ ಯಾರಿಗೂ ಇರಲಿಲ್ಲ. ಅದೇ ಭಟ್ಟಿಯಲ್ಲಿ ಊಟದ ಡಬ್ಬಿ ಬೆಚ್ಚಗೆ ಮಾಡಿಕೊಳ್ಳಲು ನಾನೊಮ್ಮೆ ಹೋದಾಗ, "ಹೊಟ್ಟಿಯೊಳಗ ಗಟ್ಟಿ ಆದ್ರ ನಾ ಜವಾಬ್ದಾರಲ್ರಿ," ಎಂದು ಡಬ್ಬಿಯನ್ನು ಕೈಗೆ ವಾಪಸು ಕೊಟ್ಟಿದ್ದರು.

ಖೋಲಿಯ ಕೀಲಿಕೈ ಸೆರಗಿನ ತುದಿಯಲ್ಲಿ ಗಂಟಾಗಿರುತ್ತಿತ್ತು. ಒಳಗೆ ಕದಿಯುವಂಥದ್ದೇನೂ ಇರಲಿಲ್ಲ. ಆದರೂ ಸಂಜೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ಹೋಗುತ್ತಿದ್ದರು. ಒಮ್ಮೆ ಹಾಗೆ ಜಗ್ಗುವಾಗ, ನಾನು ಹಿಂದೆ ನಿಂತದ್ದು ಗೊತ್ತಿದ್ದೋ ಗೊತ್ತಿಲ್ಲದೆಯೋ, "ಅಪ್ಪ ಇದ್ದಿದ್ರ ಕರಕೊಂಡ ಬಂದು ತೋರಸ್ತಿದ್ನಿ," ಅಂದರು. ಅಷ್ಟೇ. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ನನ್ನನ್ನೇ ಗದರಿಸಿ ಹೊರಟರು.

ಆ ಖೋಲಿ ಅವರ ಕೈತಪ್ಪುವ ಪ್ರಸಂಗ ಬಂದದ್ದು ನಾಲ್ಕನೆಯ ವರ್ಷ.

ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುಂಚೆ ಒಂದು ಸಕ್ಕರೆ ಕಾರ್ಖಾನೆಗೆ ಹತ್ತು ಹೊದಿಕೆ ಕೊಡಬೇಕಿತ್ತು. ಕೆಲಸ ಹೆಚ್ಚಾಯಿತೆಂದು ಮಾಲಕರು ಮೂವರು ಹೊಸ ಹೆಣ್ಣುಮಕ್ಕಳನ್ನು ತೆಗೆದುಕೊಂಡರು. ಮೂವರೂ ಬೀಡಿ ಸುತ್ತುತ್ತಿದ್ದವರು, ಬೆರಳು ಚುರುಕು. ಅವರಲ್ಲಿ ಕಸ್ತೂರಿ ಎಂಬವಳು ಎಲ್ಲರಿಗಿಂತ ಚಿಕ್ಕವಳು, ಮನೆಯಲ್ಲಿ ಎಂಟು ತಿಂಗಳ ಕೂಸು. ಗಾಜಿನ ಬಟ್ಟೆ ಕತ್ತರಿಸಿ, ಮಾವಶಿ ಕೂಡಿಸಿಕೊಟ್ಟ ರೆಸಿನ್ ಬಳಿದು ಪದರ ಹಾಕುವುದು ಇವರ ಕೆಲಸ. ಒಂದೂವರೆ ತಿಂಗಳು ಕೈ ಪಳಗಿದ ಮೇಲೆ ಮೊದಲ ಹೊದಿಕೆ ಮಾಡಿ ಭಟ್ಟಿಯಲ್ಲಿಟ್ಟು ಕಾವಿನ ಪರೀಕ್ಷೆ ಮಾಡಿದೆವು. ಬಾಗಿಲು ತೆರೆದರೆ, ದೇವಿ ಎದ್ದ ಕೂಸಿನಂತೆ ಮೈತುಂಬ ಗುಳ್ಳೆ.

ಮಾಲಕರು ಅದನ್ನು ಬೆರಳಿನಿಂದ ಒತ್ತಿ ನೋಡಿದರು. ಕರಕ್ ಅಂತು.

"ಏನ್ರೀ ಕೆಮಿಸ್ಟ, ಹೊದಿಕಿ ಮಾಡ್ರೆಂದ್ರ ಹಪ್ಪಳ ಕರದೀರಿ," ಅಂದರು. ನಾನು ಹಪ್ಪಳವನ್ನು ಎಲ್ಲ ಕೋನಗಳಿಂದ ಪರಿಶೀಲಿಸುತ್ತಿರುವಂತೆ ನಿಂತೆ. ಅವರು ಮಾವಶಿಯ ಕಡೆ ತಿರುಗಿದರು. "ನೋಡ್ರಿ ಮಾವಶಿ. ಪುಣೆದವ ಒಬ್ಬ ಕೂಡಿಸಿದ್ದ ರೆಸಿನ್ನನ್ನ ಪೀಪಾಯಿಗಟ್ಟಲೆ ಕೊಡತೇನಂತ ಬೆನ್ನಹತ್ತ್ಯಾನ. ಅದನ್ನ ತರಿಸಿದ್ರ ಈ ಖೋಲಿ ಬ್ಯಾಡ, ತವಾ ಬ್ಯಾಡ. ತಪ್ಪ ನಿಮ್ಮ ಪಾಕದಾಗ ಇದ್ರ ಖೋಲಿ ಬಂದ್, ನೀವು ಮೊದಲಿನಂಗ ಕಸಬರಿಗಿ ಹಿಡೀರಿ. ಪಾಕದಾಗ ಇಲ್ಲಂದ್ರ ಹಚ್ಚೂದರಾಗ ಐತಿ, ಹೊಸಾ ಮೂವರನ್ನ ಮನಿಗೆ ಕಳಸೂಣು. ಯಾವುದಂತ ನಾಳಿ ಹೇಳ್ರಿ."

ಮಾವಶಿ ಖೋಲಿಗೆ ಹೋಗಿ, ಉಳಿದಿದ್ದ ಮಿಶ್ರಣದ ಪಾತ್ರೆ ತೊಳೆದರು. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದರು.

ಮರುದಿನ ಬೆಳಿಗ್ಗೆ ನಾನು ಶೆಡ್ಡಿಗೆ ಬಂದಾಗ ಮಾವಶಿ ಕತ್ತರಿಸುವ ಮೇಜಿನ ಕೆಳಗೆ ಬಗ್ಗಿದ್ದರು. ಹೊಸ ಮೂವರೂ ಗೋಡೆಗೆ ಅಂಟಿ ನಿಂತಿದ್ದರು. ಮೇಜಿನ ಕೆಳಗಿಂದ ಮಾವಶಿ ಒಂದು ಒದ್ದೆ ಗೋಣಿತಟ್ಟಿನ ಸುರುಳಿಯನ್ನು ಎಳೆದರು. ಬಿಚ್ಚಿದರೆ ಒಳಗೆ ಗಾಜಿನ ಬಟ್ಟೆ, ನೀರು ಚಿಮುಕಿಸಿ, ನೀಟಾಗಿ ಸುತ್ತಿಟ್ಟದ್ದು.

ಬೀಡಿ ಸುತ್ತುವ ಎಲೆ ಒಣಗಿದ್ದರೆ ಒಡೆಯುತ್ತದೆ. ಆದ್ದರಿಂದ ಹಿಂದಿನ ದಿನ ಸಂಜೆಯೇ ಅದಕ್ಕೆ ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಾರೆ. ಬೆಳಿಗ್ಗೆ ಎಲೆ ಮೆತ್ತಗಾಗಿ ಹೇಳಿದಂತೆ ಕೇಳುತ್ತದೆ. ನಿಪ್ಪಾಣಿಯ ಮನೆ ಮನೆಯಲ್ಲಿ ಇದು ಸಂಜೆಯ ದೀಪದಷ್ಟೇ ಸಹಜವಾದ ಕೆಲಸ. ಮೂವರೂ ಅದನ್ನೇ ಇಲ್ಲಿ ಮಾಡಿದ್ದರು. ಗಾಜಿನ ಬಟ್ಟೆಯೊಳಗೆ ಒಂದು ಹನಿ ನೀರು ಉಳಿದರೂ ಭಟ್ಟಿಯಲ್ಲಿ ಅದು ಆವಿಯಾಗಿ ಗುಳ್ಳೆ ಏಳುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ಯಾಕ ನೆನಿಸಿದ್ರಿ?" ಮಾವಶಿ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಕಸ್ತೂರಿ ನೆಲ ನೋಡುತ್ತ ಹೇಳಿದಳು: "ಎಲಿ ನೆನಿಸಿದಂಗ ನೆನಿಸೇವ್ರಿ ಮಾವಶಿ. ಒಣಾದು ಮುಟ್ಟಿದ್ರ ಕೈತುಂಬ ಸಣ್ಣ ಸಣ್ಣ ಮುಳ್ಳ ನಡತಾವು. ತೊಳದ್ರೂ ಹೋಗೂದಿಲ್ಲ. ಮನಿಗೆ ಹೋಗಿ ಕೂಸಿನ್ನ ಎತ್ಕೊಂಡ್ರ ಕೂಸಿಗೂ ಚುಚ್ಚತಾವು, ಚಿಟ್ಟನ ಚೀರತೈತಿ. ನೀರ ಹಾಕಿದ್ರ ಅಷ್ಟ ಚುಚ್ಚೂದಿಲ್ಲ."

ಮಾವಶಿ ಅವಳ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, "ಹೋಗ್ರಿ, ಚಾ ಕುಡದ ಬರ್ರಿ," ಎಂದು ಮೂವರನ್ನೂ ಕಳಿಸಿ ನನ್ನ ಕಡೆ ತಿರುಗಿದರು.

"ನೀವ್ ಏನ ಬರೀತೀರಿ ಪುಸ್ತಕದಾಗ?"

"ನಡೆದದ್ದು ಬರೀತೀನಿ," ಅಂದೆ.

"ನಡೆದದ್ದ ಬರದ್ರ ಈ ಮೂವರು ಹೋಗ್ತಾರ."

"ಬರೀಲಿಲ್ಲಂದ್ರ ನಿಮ್ಮ ಖೋಲಿ ಹೋಗತೈತಿ ಮಾವಶಿ."

"ಹೋಗ್ಲಿ ಬಿಡ್ರಿ. ಕಬ್ಬ ಕೆಟ್ಟದ್ದಿದ್ರೂ ಬೆಲ್ಲಕ್ಕ ಗುಳವನ ಹೆಸರ. ಬಟ್ಟಿ ಹಸಿ ಐತೋ ಒಣಗೇತೋ ನಾ ಕೈ ಹಚ್ಚಿ ನೋಡಬೇಕಿತ್ತು. ನೋಡಲಿಲ್ಲ." ಹೀಗೆ ಹೇಳುತ್ತ ಸೆರಗಿನ ಗಂಟನ್ನು ಬಿಚ್ಚಿ ಕೀಲಿಕೈ ಅಂಗೈಯಲ್ಲಿ ಹಿಡಿದರು. ಅದನ್ನು ಮಾಲಕರಿಗೆ ಒಪ್ಪಿಸುವ ಸಿದ್ಧತೆ ಎಂಬುದು ನನಗೆ ತಿಳಿಯಿತು. ಹೆಜ್ಜೆ ಮಾತ್ರ ತಕ್ಷಣ ಏಳಲಿಲ್ಲ. ಖೋಲಿಯ ಬಾಗಿಲಿನ ಕಡೆ ಒಮ್ಮೆ ನೋಡಿದರು, ಆಮೇಲೆ ಮಾಲಕರ ಆಫೀಸಿನ ಕಡೆ ಹೊರಟರು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಶಿಸ್ತಿನ ಮನುಷ್ಯ. ಯಾರೇ ಏನೇ ಕೇಳಿದರೂ ಬರಹದಲ್ಲಿ ಕೊಡಿ ಎನ್ನುತ್ತಿದ್ದೆ. ಮೂವರು ಬಂದ ವಾರವೇ ಮಾವಶಿ ನನ್ನ ಬಳಿ, "ಸಾಹೇಬ್ರ, ಪೋರಿಗಳಿಗೆ ಹ್ಯಾಂಡ್‌ಗ್ಲೋಜ್ ಬೇಕ್ರಿ, ಕೈ ಚುಚ್ಚತೈತಂತ," ಅಂದಿದ್ದರು. ಬರೆದು ಕೊಡಿ ಎಂದೆ. ಬರೆಸಿ ಕೊಟ್ಟರು. ಅರ್ಜಿಯಲ್ಲಿ ಅಳತೆ ನಮೂದಿಸಿರಲಿಲ್ಲ. ಅಳತೆ ನಮೂದಿಸದ ಅರ್ಜಿಯನ್ನು ಮೇಲಕ್ಕೆ ಕಳಿಸುವುದು ನಿಯಮಬಾಹಿರ. ಹೀಗಾಗಿ ಆ ಕಾಗದ ನನ್ನ ಡ್ರಾವರಿನಲ್ಲಿ ಗಡಿಯಾರದ ಕೆಳಗೆ ಒಂದೂವರೆ ತಿಂಗಳಿಂದ ವಿಶ್ರಾಂತಿ ಪಡೆಯುತ್ತಿತ್ತು. ಕಸ್ತೂರಿ ಕೂಸಿನ ಮಾತು ಹೇಳಿದಾಗ ನನಗೆ ಮೊದಲು ನೆನಪಾದದ್ದು ಆ ಡ್ರಾವರು. ಎರಡನೆಯದಾಗಿ ನೆನಪಾದದ್ದೂ ಅದೇ.

ನಾನು ಡ್ರಾವರು ತೆರೆದು ಕಾಗದ ತೆಗೆದುಕೊಂಡು ಮಾವಶಿಯ ಹಿಂದೆಯೇ ಹೋದೆ.

ಮಾಲಕರು ಚಹಾ ಕುಡಿಯುತ್ತಿದ್ದರು. ಮಾವಶಿ ಕೀಲಿಕೈಯನ್ನು ಮೇಜಿನ ಮೇಲಿಟ್ಟು, "ತಪ್ಪ ನಂದ್ರಿ ಅಣ್ಣಾ," ಅಂದರು.

"ಪಾಕ ಕೆಟ್ಟಿತ್ತೇನು?"

ಮಾವಶಿ ತಪ್ಪು ತನ್ನದೆಂದು ಎಷ್ಟು ಸಲ ಬೇಕಾದರೂ ಹೇಳಲು ಸಿದ್ಧರಿದ್ದರು, ಪಾಕ ಕೆಟ್ಟಿತ್ತು ಎಂಬ ಒಂದು ಮಾತು ಮಾತ್ರ ಅವರ ಬಾಯಿಂದ ಹೊರಡಲಿಲ್ಲ. ಮಾಲಕರು ನನ್ನನ್ನು ಕೇಳಿದರು, "ಪುಸ್ತಕ ಏನ ಅಂತೈತ್ರಿ?"

"ಎರಡು ಕಟ್ಟು, ಏಳು ಬೀಡಿ," ಅಂದೆ. "ಪಾಕ ಸರಿ ಇತ್ತು."

"ಹಂಗಿದ್ರ ಹಚ್ಚಿದವರ ತಪ್ಪು. ಮೂವರಿಗೂ ನಾಳಿಂದ ಬ್ಯಾಡಂತ ಹೇಳ್ರಿ."

"ಹಚ್ಚಿದವರದೂ ಅಲ್ರಿ. ಬಟ್ಟಿಗೆ ನೀರ ಹಾಕ್ಯಾರ, ಖರೆ. ಬರೀ ಕೈಲೆ ಗಾಜ ಮುಟ್ಟಾಕ ಆಗಲಿಲ್ಲ, ಅದಕ್ಕ ಹಾಕ್ಯಾರ. ಹ್ಯಾಂಡ್‌ಗ್ಲೋಜ್ ಕೇಳಿದ್ರು. ನಾ ಕೊಡಿಸಲಿಲ್ಲ." ಕಾಗದವನ್ನು ಮುಂದಿಟ್ಟೆ.

ಮಾಲಕರು ಓದಿದರು. "ಇದು ಎಂದಿಂದು?"

"ಒಂದೂವರೆ ತಿಂಗಳಾತ್ರಿ."

"ಇಷ್ಟ ದಿನಾ ಯಾಕ ಇಟ್ಕೊಂಡಿದ್ರಿ?"

"ಅಳತಿ ಬರದಿರಲಿಲ್ರಿ."

ಮಾಲಕರು ಕುರ್ಚಿಯಲ್ಲೇ ಹೊರಳಿ, ಗೋಡೆಯ ಮೇಲಿದ್ದ ನನ್ನ ಪ್ರಮಾಣಪತ್ರವನ್ನು ಬಹಳ ಹೊತ್ತು ನೋಡಿದರು. ಅದನ್ನು ತೆಗೆದರೆ ಗೋಡೆ ಬೋಳಾಗುತ್ತದೆ, ಆರ್ಡರುಗಳೂ ಹೋಗುತ್ತವೆ. "ಮಾವಶೀನ್ನ ಕಳಸಬಹುದು, ಪೋರಿಗಳನ್ನ ಕಳಸಬಹುದು. ನಿಮ್ಮನ್ನ ಕಳಸಾಕೂ ಬರೂದಿಲ್ಲಲ್ರೀ ಮತ್ತ," ಎಂದು ಬಹಳ ದುಃಖದಿಂದ ಹೇಳಿದರು. ಮಾವಶಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅತ್ತರೋ ನಕ್ಕರೋ ನನಗೆ ಇಂದಿಗೂ ಗೊತ್ತಿಲ್ಲ.

ಕಟ್ಟಕಡೆಗೆ ಮಾಲಕರು ತೀರ್ಪು ಹೇಳಿದರು. ಇನ್ನೊಂದು ಹೊದಿಕೆ ಮಾಡಬೇಕು. ಪುಣೆಯವನು ನಾಡಿದ್ದು ಬರುತ್ತಾನೆ, ಅವನ ಕಣ್ಣೆದುರಿಗೇ ಪರೀಕ್ಷೆ. ಅದೂ ಗುಳ್ಳೆ ಎದ್ದರೆ ಯಾರ ಮಾತೂ ಕೇಳುವುದಿಲ್ಲ, ಪೀಪಾಯಿ ತರಿಸುತ್ತಾರೆ, ಖೋಲಿ ಸಾಮಾನಿಡಲು ಹೋಗುತ್ತದೆ. ಕೀಲಿಕೈ ಅಲ್ಲಿಯವರೆಗೆ ಮೇಜಿನ ಮೇಲೆಯೇ ಇರಲಿ.

ನಾನು ಸ್ಕೂಟರು ತೆಗೆದುಕೊಂಡು ಪೇಟೆಗೆ ಹೋಗಿ ಒಂದು ಡಜನ್ ಹ್ಯಾಂಡ್‌ಗ್ಲೋಜ್ ತಂದೆ. ಅಂಗಡಿಯವನು ಅಳತೆ ಕೇಳಿದ. ಇದ್ದದ್ದು ಕೊಡು ಮಾರಾಯಾ ಎಂದೆ.

ಗಾಜಿನ ಬಟ್ಟೆಯನ್ನು ಮಾವಶಿ ಹಾಲಿನ ಕಾವಿನಲ್ಲಿ ಅರ್ಧ ದಿನ ಒಣಗಿಸಿದರು. ಪಾಕ ಕೂಡಿಸಿದರು, ತವಾದ ಮೇಲೆ ಹನಿ ಬಿಟ್ಟರು, ಎಳೆ ಎಳೆದರು. ಮೂವರೂ ಗ್ಲೋಜ್ ಹಾಕಿಕೊಂಡು ಪದರ ಇಟ್ಟರು. ಪ್ರತಿ ಪದರಕ್ಕೂ ಮುಂಚೆ ಮಾವಶಿ ಬಟ್ಟೆಗೆ ಮುಂಗೈ ತಾಗಿಸಿ, ಜ್ವರ ಬಂದ ಮಗುವಿನ ಹಣೆ ನೋಡುವಂತೆ ನೋಡಿ, "ಹೂಂ, ಹಚ್ಚ ಬೇ," ಎನ್ನುತ್ತಿದ್ದರು. ಕಸ್ತೂರಿ ಇಟ್ಟ ಪದರವನ್ನೇ ಮತ್ತೆ ಮತ್ತೆ ಎತ್ತಿ ಇಡುತ್ತಿದ್ದಳು. "ಬೀಡಿ ಸುತ್ತೂಮುಂದ ಬಿಚ್ಚಿ ಬಿಚ್ಚಿ ನೋಡತಿದ್ದೇನು? ಹಂಗ ಇದೂ," ಅಂದರು. ಹಾಲಿನ ಕಾವು, ಬೆಲ್ಲದ ಕಾವು, ರೊಟ್ಟಿಯ ಕಾವು ಮುಗಿಯುವಾಗ ಮರುದಿನದ ಮಧ್ಯಾಹ್ನ.

ಪರೀಕ್ಷೆಯ ದಿನ ಪುಣೆಯವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತನ್ನ ಮಾದರಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮಾಲಕರು ಅತ್ತಿತ್ತ ಓಡಾಡುತ್ತಿದ್ದರು. ಹೊದಿಕೆಯನ್ನು ಎರಡು ತಾಸು ಕಡುಕಾವಿನಲ್ಲಿ ಇಡಬೇಕು. ಮಾವಶಿ ಭಟ್ಟಿಗೆ ಬೆನ್ನು ಮಾಡಿ, ಗೋಡೆ ನೋಡುತ್ತ ಡಬ್ಬಿಯ ಮೇಲೆ ಕೂತರು.

"ಈ ಕಡೆ ತಿರಗ್ರಲ್ಲ ಮಾವಶಿ," ಮಾಲಕರು ಅಂದರು.

"ಬೆಲ್ಲದ ಅಚ್ಚ ತಗಿಯೂಮುಂದ ಗುಳವ ನೋಡಬಾರ್ದ್ರಿ. ನಮ್ಮಪ್ಪ ಎಂದೂ ನೋಡಲಿಲ್ಲ."

ಮಡಿಲಲ್ಲಿದ್ದ ಅವರ ಎಡಗೈ ಬೀಡಿ ಸುತ್ತುತ್ತಿತ್ತು. ಎರಡು ತಾಸಿನಲ್ಲಿ ಎಷ್ಟು ಕಟ್ಟಾದವೋ. ಎಣಿಸುವ ಧೈರ್ಯ ನನಗಾಗಲಿಲ್ಲ.

ಹೊತ್ತಾಯಿತು. ಬಾಗಿಲು ತೆರೆದರು. ಮಾವಶಿ ತಿರುಗಲಿಲ್ಲ. "ಸಾಹೇಬ್ರ, ನೀವ ನೋಡಿ ಹೇಳ್ರಿ," ಅಂದರು.

ನಾನು ನೋಡಿದೆ. ಮೇಲೆ, ಕೆಳಗೆ, ಅಂಚು, ಮೂಲೆ ಎಲ್ಲ ನೋಡಿದೆ. ವರದಿ ಓದುವ ದನಿಯಲ್ಲಿ, "ಯಾವುದೇ ದೋಷ ಕಂಡುಬಂದಿಲ್ಲ," ಎಂದೆ.

ಆಗ ಎದ್ದು ಬಂದರು. ಸಂತೆಯಲ್ಲಿ ಗಡಿಗೆ ಕೊಳ್ಳುವವರಂತೆ ಹೊದಿಕೆಯನ್ನು ಬೆರಳಗೆಣ್ಣಿನಿಂದ ಬಡಿಯುತ್ತ, ಕಿವಿಗೊಟ್ಟು ಕೇಳುತ್ತ, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರು. ಒಳಗೆ ಪದರ ಬಿಟ್ಟಿದ್ದರೆ ದನಿ ಟೊಳ್ಳಾಗುತ್ತದೆ. ಒಂದು ಮೂಲೆಯಲ್ಲಿ ಎರಡು ಸಲ ಬಡಿದರು. ಪುಣೆಯವನು ಕುರ್ಚಿಯಿಂದ ಅರ್ಧ ಎದ್ದ. ಮಾವಶಿ ಮೂರನೆಯ ಸಲ ಬಡಿದರು, ಕೇಳಿದರು, ಸರಿಯೆಂದು ತಲೆಯಾಡಿಸಿದರು. ಕಸ್ತೂರಿಯನ್ನು ಹತ್ತಿರ ಕರೆದು ಅವಳ ಗ್ಲೋಜ್ ಬಿಚ್ಚಿಸಿ, "ನೀನೂ ಬಡದ ನೋಡ, ದನಿ ಗುರ್ತ ಇಟಗೋ," ಅಂದರು.

ಮಾಲಕರು ಆಫೀಸಿಗೆ ಹೋಗಿ ಕೀಲಿಕೈ ತಂದುಕೊಟ್ಟರು. ಪುಣೆಯವನಿಗೆ ಚಹಾ ತರಿಸಿದರು, ಅವನು ಕುಡಿದು ಹೋದ.

ಹತ್ತು ಹೊದಿಕೆಗಳೂ ಹಂಗಾಮಿಗೆ ಮುಂಚೆ ಕಾರ್ಖಾನೆ ಸೇರಿದವು. ಮೂವರು ಹೆಣ್ಣುಮಕ್ಕಳೂ ಕೆಲಸದಲ್ಲಿ ಉಳಿದರು. ಮಾವಶಿ ಅದೇ ಖೋಲಿಯಲ್ಲಿ ಇನ್ನೂ ಹನ್ನೊಂದು ವರ್ಷ ರೆಸಿನ್ ಕೂಡಿಸಿದರು.